ಮಳೆ ನಿಂತ ಸಂಜೆ ಟ್ಯಾಂಕಿಗೆ ಮ್ಯಾಟ್ ಕ್ಲಿಯರ್ ಹೊಡೆಯಬೇಡಿ

ಹಾಳಾದದ್ದು ತಮಿಯಾ ಕಂಪನಿಯ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಟ್ಯಾಂಕು, ಟಿ-55ಎ. ಭಾರತೀಯ ಸೇನೆಯ ಹಸಿರು, ಡೆಕಾಲ್ (ಅಂಟಿಸುವ ಗುರುತು), ಎನಾಮೆಲ್ ವಾಶ್ (ಸಂದುಗಳಿಗೆ ಬಿಡುವ ತೆಳು ಬಣ್ಣ) ಎಲ್ಲ ಮುಗಿದು ಹೊಳಪು ತೆಗೆಯುವ ಕೊನೆಯ ಮ್ಯಾಟ್ ಕೋಟ್ ಒಂದೇ ಬಾಕಿ. ಜುಲೈ ಸಂಜೆ, ಬಸವನಗುಡಿಯ ಬಾಲ್ಕನಿ, ಆಗಷ್ಟೇ ನಿಂತ ಮಳೆ. ತಮಿಯಾದ ಮ್ಯಾಟ್ ಕ್ಲಿಯರ್ ಲ್ಯಾಕರ್ ಸ್ಪ್ರೇ, ಟಿಎಸ್-80 ಕ್ಯಾನ್ ಹೊಡೆದು ಹತ್ತು ನಿಮಿಷ ಆಗಿರಲಿಲ್ಲ, ಟರೆಟ್ಟಿನ ಗುಮ್ಮಟಕ್ಕೆ ವಿಭೂತಿ ಬಳಿದಂತೆ ಬಿಳಿ ಹತ್ತಿತು. ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ ಅಂತ ಅದರ ಮೇಲೇ ಮತ್ತೊಂದು. ಕೆಲಸ ನಿಜಕ್ಕೂ ಕೆಟ್ಟದ್ದು ಇಲ್ಲಿ. ಈಗ ಬೋಲ್ಟುಗಳ ಸುತ್ತ, ಹ್ಯಾಂಡ್‌ರೈಲಿನ ಹಿಂದೆ, ಮೂಲೆ ಮೂಲೆಯಲ್ಲೂ ಉಪ್ಪು ಕಟ್ಟಿದಂತೆ ಪುಡಿ.

ಒಂದೇ ಟ್ಯಾಂಕಿನ ಮೇಲೆ ಎರಡು ಜಾತಿಯ ಬಿಳಿ. ಎರಡಕ್ಕೂ ಒಂದೇ ಮದ್ದು ಅಲ್ಲ.

ಗುಮ್ಮಟದ ಮೇಲಿನ ಹಾಲಿನ ಮಂಜು ತೇವದ್ದು, ಬ್ಲಶ್ ಅನ್ನೋದು ಇದಕ್ಕೇ. ಲ್ಯಾಕರಿನ ಥಿನ್ನರ್ ಬೇಗ ಹಾರುತ್ತೆ, ಹಾರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ನೀರು ಹಸಿ ಪದರದ ಮೇಲೆ ಇಬ್ಬನಿಯಾಗಿ ಕೂತು ಒಳಗೇ ಸಿಕ್ಕಿಕೊಳ್ಳುತ್ತೆ. ಗ್ಲಾಸ್ ಕ್ಲಿಯರ್ (ಹೊಳಪಿನ ಕ್ಲಿಯರ್) ಕೂಡ ಬೆಳ್ಳಗಾಯಿತು ಅಂದರೆ ಕಾರಣ ಇದೇ, ಯಾಕಂದರೆ ಅದರಲ್ಲಿ ಹೊಳಪು ತೆಗೆಯುವ ಮ್ಯಾಟ್ ಪುಡಿಯೇ ಇರಲ್ಲ. ಒಣ ಹವೆಯ ದಿನ ಕಾದು ನಿಧಾನವಾಗಿ ಹಾರುವ ಲ್ಯಾಕರ್ ಥಿನ್ನರ್ ಆದ ಮಿಸ್ಟರ್ ಲೆವೆಲಿಂಗ್ ಥಿನ್ನರನ್ನು ಏರ್‌ಬ್ರಶ್‌ನಿಂದ ಮಂಜಿನಷ್ಟು ತೆಳ್ಳಗೆ ಬಿಟ್ಟರೆ ಪದರ ಮತ್ತೆ ಮೆತ್ತಗಾಗಿ ನೀರು ಹೊರಬೀಳುತ್ತೆ. ಮೊದಲು ಟ್ಯಾಂಕಿನ ಹೊಟ್ಟೆಯ ಕಡೆ ಹೊಡೆದು ನೋಡಿ. ಥಿನ್ನರ್ ನೆನೆಯುವಷ್ಟು ಬಿದ್ದರೆ ಡೆಕಾಲ್ ಸುಕ್ಕಾಗುತ್ತೆ. ಇಲ್ಲಿ ಟರೆಟ್ ನಂಬರ್ ಹೋದದ್ದು ಹಾಗೇ.

ಮೂಲೆಯ ಪುಡಿ ಬೇರೆ. ಅದು ಮ್ಯಾಟ್ ಮಾಡುವ ಪುಡಿಯೇ, ಹೆಚ್ಚಾಗಿ ಬಿದ್ದು ಗುಡ್ಡೆಯಾದದ್ದು. ಮತ್ತೆ ಮ್ಯಾಟ್ ಹೊಡೆದರೆ ಪುಡಿಯ ಮೇಲೆ ಪುಡಿ. ಇದಕ್ಕೆ ಗ್ಲಾಸ್ ಕ್ಲಿಯರ್ ಬೇಕು: ತಮಿಯಾದ ಗ್ಲಾಸ್ ಕ್ಲಿಯರ್ ಎಕ್ಸ್-22 ಒಂದು ಪಾಲು, ಲೆವೆಲಿಂಗ್ ಥಿನ್ನರ್ ಒಂದು ಪಾಲು, ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ, ತೆಳ್ಳಗೆ ಎರಡು ಸಲ. ಒರಟು ಮೇಲ್ಮೈ ತುಂಬಿಕೊಂಡ ಹಾಗೆ ಬಿಳಿ ಮಾಯವಾಗುತ್ತೆ. 24 ಗಂಟೆ ಬಿಟ್ಟು ಮ್ಯಾಟ್ ಮತ್ತೆ ಶುರು ಮಾಡಿ. ಎಣ್ಣೆ ಸವರಿದರೂ ಬಿಳಿ ಹೋದಂತೆ ಕಾಣುತ್ತೆ, ಆದರೆ ಆಮೇಲೆ ಅದರ ಮೇಲೆ ಯಾವ ಕೋಟೂ ನಿಲ್ಲಲ್ಲ.

ಪುಡಿ ಗುಡ್ಡೆಯಾಗುವುದು ಹೆಚ್ಚಾಗಿ ಕಲಕುವುದರ ಸೋಮಾರಿತನಕ್ಕೆ. ಎಕ್ಸ್‌ಎಫ್-86 ಬಾಟಲಿ (ತಮಿಯಾದ ಮ್ಯಾಟ್ ಕ್ಲಿಯರ್) ನಿಂತ ಮಜ್ಜಿಗೆ ಇದ್ದ ಹಾಗೆ, ಮೇಲೆ ತಿಳಿ, ತಳದಲ್ಲಿ ಗಸಿ. ಅಲ್ಲಾಡಿಸಿದರೆ ಸಾಲದು, ಕಡ್ಡಿ ಹಾಕಿ ತಳ ಕೆದಕಬೇಕು. ಕ್ಯಾನ್ ಆದರೆ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಪೂರ್ತಿ ಎರಡು ನಿಮಿಷ. ಎಕ್ಸ್-21 ನೋಡಿ ಮೋಸಹೋಗುವವರೂ ಇದ್ದಾರೆ. ಅದು ಫ್ಲ್ಯಾಟ್ ಬೇಸ್, ಅಂದರೆ ಬೇರೆಯದಕ್ಕೆ ಬೆರೆಸುವ ಮ್ಯಾಟ್ ಮಾಡುವ ದ್ರವ, ಮ್ಯಾಟ್ ವಾರ್ನಿಶ್ ಅಲ್ಲ. ಒಂದನ್ನೇ ಹೊಡೆದರೆ ಸುಣ್ಣ. ಹತ್ತು ಹನಿ ಎಕ್ಸ್-22ಕ್ಕೆ ಒಂದೆರಡು ಹನಿ, ಅಷ್ಟೇ. ದರ್ಶಿನಿ ಪಾರ್ಸೆಲ್ ಜೊತೆ ಬರುವ ಪ್ಲಾಸ್ಟಿಕ್ ಚಮಚಕ್ಕೆ ಅದೇ ಹಸಿರು ಬಳಿದಿಟ್ಟುಕೊಂಡು ಮೊದಲು ಅದರ ಮೇಲೆ ಪರೀಕ್ಷಿಸಿ.

ಎಸ್‌ಪಿ ರೋಡಿನಲ್ಲಿ ಚಿಕ್ಕ ಡಿಜಿಟಲ್ ತೇವಮಾಪಕ ಸಿಗುತ್ತೆ, ಇಡೀ ಕಿಟ್ಟಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು. ತೇವ ಶೇಕಡಾ 65ರ ಮೇಲೆ ತೋರಿಸಿದರೆ ಲ್ಯಾಕರ್ ಮುಟ್ಟಬೇಡಿ. ಮಳೆಗಾಲದಲ್ಲೂ ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ತೇವ ಸ್ವಲ್ಪ ಇಳಿಯುತ್ತೆ, ಅಷ್ಟರಲ್ಲಿ ಮುಗಿಸಿ. ಕಾಯಲು ಆಗದಿದ್ದರೆ ವಯೆಹೋ ಕಂಪನಿಯದರ ಥರದ ನೀರಿನ ವಾರ್ನಿಶ್ ವಾಸಿ; ಒಣಗುವುದು ನಿಧಾನ, ಆದರೆ ಹೀಗೆ ಬ್ಲಶ್ ಆಗಲ್ಲ. ಮಾರ್ಚ್ ಬಿಸಿಲಿನ ಸಮಸ್ಯೆ ಇದರ ತದ್ವಿರುದ್ಧ: ಹನಿ ದಾರಿಯಲ್ಲೇ ಒಣಗಿ ಮರಳುಕಾಗದದಂತೆ ಕೂರುತ್ತೆ. ಆಗ ಕ್ಯಾನನ್ನು 25 ಸೆಂ.ಮೀ. ಬದಲು 20ಕ್ಕೆ ತನ್ನಿ.

ಕ್ಯಾನ್ ಸಿಗಲಿಲ್ಲ ಅಂತ ಜೆಸಿ ರೋಡಿಗೆ ಹೋಗಿ ಕಾರಿನ ಟು-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಗಟ್ಟಿಮಾಡುವುದು) ತರಬೇಡಿ. ಪದರ ದಪ್ಪ, ರಿವೆಟ್ಟು ವೆಲ್ಡು ಎಲ್ಲ ಮುಳುಗಿಹೋಗುತ್ತೆ. ಅದರ ಹಾರ್ಡನರಿನಲ್ಲಿ ಉಸಿರಿಗೆ ಅಪಾಯದ ಐಸೋಸಯನೇಟ್ ಇರುತ್ತೆ, ಬಟ್ಟೆ ಮಾಸ್ಕಿಗೆ ಅದು ಬಗ್ಗಲ್ಲ. ಮರಕ್ಕೆ ಹಚ್ಚುವ ಎಣ್ಣೆ ವಾರ್ನಿಶ್ ಇನ್ನೊಂದು ಬಗೆಯ ನಷ್ಟ: ಕಾಲಕ್ರಮೇಣ ಹಳದಿಯಾಗುತ್ತೆ, ಮರುಭೂಮಿ ಬಣ್ಣದ ಟ್ಯಾಂಕಿನ ಮೇಲಂತೂ ಎದ್ದು ಕಾಣುತ್ತೆ.

ಧೂಳಿನ ಪಿಗ್ಮೆಂಟ್ (ಧೂಳು ಕೂತಂತೆ ಕಾಣಿಸುವ ಬಣ್ಣದ ಪುಡಿ) ಮ್ಯಾಟ್ ಆದ ಮೇಲೆಯೇ ಹಾಕಿ. ಮೊದಲೇ ಹಾಕಿದ್ದರೆ ಸ್ಪ್ರೇ ಬಿದ್ದೊಡನೆ ಅರ್ಧ ಮಾಯ. ಹೆಡ್‌ಲೈಟ್, ಪೆರಿಸ್ಕೋಪಿನ ಗಾಜೂ ಕೊನೆಗೇ. ಅಂಟಿಸಿಬಿಟ್ಟು ಮಬ್ಬಾಗಿದ್ದರೆ ಟೂತ್‌ಪಿಕ್ ತುದಿಯಲ್ಲಿ ಒಂದು ಹನಿ ಎಕ್ಸ್-22 ಇಡಿ, ಹೊಳಪು ವಾಪಸ್ ಬರುತ್ತೆ.