ಸಂಜೆಯ ಉಪನ್ಯಾಸಕ್ಕೆ ಬಸವನಗುಡಿಯೋ, ದೊಮ್ಮಲೂರೋ?

ಉಪನ್ಯಾಸ ಕೇಳಲು ಈಗ ಮನೆ ಬಿಟ್ಟು ಹೊರಡಬೇಕಾಗಿಲ್ಲ. ಬೆಂಗಳೂರಿನ ಸಭಾಂಗಣಗಳಲ್ಲಿ ಆಡಿದ ಮಾತು ಬಹಳಷ್ಟು ಯೂಟ್ಯೂಬಿಗೆ ಬಂದು ಕೂರುತ್ತದೆ. ಹುರುಳಿಕಾಯಿ ಹೆಚ್ಚುತ್ತ ಕೇಳಬಹುದು, ಎಳೆದಾಟ ಎನಿಸಿದರೆ ವೇಗ ಹೆಚ್ಚಿಸಿ ಓಡಿಸಬಹುದು. ಹಾಗಿದ್ದೂ ಕಚೇರಿ ಬಿಡುವ ಹೊತ್ತಿನ ವಾಹನದಟ್ಟಣೆಯಲ್ಲಿ ನುಗ್ಗಿ ಹೋಗುವುದಾದರೆ ಅದಕ್ಕೊಂದು ಕಾರಣ ಬೇಕು. ನನ್ನ ಕಾರಣ ಪ್ರಶ್ನೋತ್ತರ. ಸಿದ್ಧಪಡಿಸಿಕೊಂಡು ಬಂದ ಮಾತನ್ನು ಯಾರು ಬೇಕಾದರೂ ಚೆನ್ನಾಗಿ ಆಡಿಬಿಡಬಹುದು. ಹಿಂದಿನ ಸಾಲಿನಿಂದ ಎದ್ದವರು ಕೇಳಿದ್ದಕ್ಕೆ ಏನು ಹೇಳುತ್ತಾರೆ ಎನ್ನುವಲ್ಲಿ ಭಾಷಣಕಾರರ ಓದು ಎಷ್ಟು ಆಳದ್ದೆಂದು ತಿಳಿಯುತ್ತದೆ. ಆದ್ದರಿಂದ ನನ್ನ ಈ ಹೋಲಿಕೆಯಲ್ಲಿ ಕುರ್ಚಿಗೂ ಕಾಫಿಗೂ ಅಂಕ ಕಡಿಮೆ, ಸಭಿಕರಿಗೆ ಸಿಗುವ ಅವಕಾಶಕ್ಕೆ ಹೆಚ್ಚು.

ನಾನು ಹೆಚ್ಚಾಗಿ ಹೋಗುವುದು ಮೂರು ಕಡೆಗೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಒಂದು. ಸುತ್ತಮುತ್ತಲಿನವರಿಗೆ ಅದು ಬರಿಯ ‘ವರ್ಲ್ಡ್ ಕಲ್ಚರ್’. ಇನ್ನೊಂದು, ಅಲ್ಲಿಂದ ನಡೆದೇ ಹೋಗಬಹುದಾದ, ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಮೂರನೆಯದು ಊರಿನ ಇನ್ನೊಂದು ತುದಿಯೇ ಎನ್ನಬಹುದಾದ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಅಂದರೆ ಬಿಐಸಿ. ಮೂರೂ ಕಡೆ ಉಪನ್ಯಾಸಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕಿಲ್ಲ. ಹಾಗಾಗಿ ಖರ್ಚೆಂದರೆ ಪ್ರಯಾಣದ್ದು, ಸಮಯದ್ದು.

ಮೊದಲ ಎರಡೂ ಹುಟ್ಟಿದ್ದು 1945ರಲ್ಲಿ, ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲು. ವರ್ಲ್ಡ್ ಕಲ್ಚರನ್ನು ಕಟ್ಟಿದವರು ಬಹಮನ್ ಪೆಸ್ತನ್‌ಜಿ ವಾಡಿಯಾ ಮತ್ತು ಅವರ ಪತ್ನಿ ಸೋಫಿಯಾ ವಾಡಿಯಾ. ವಾಡಿಯಾ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಅನುಯಾಯಿ ಎನ್ನುವುದನ್ನಷ್ಟೇ ಜನ ನೆನೆಯುತ್ತಾರೆ. 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿದಾಗ ಅದರ ಮುಂದಾಳಾಗಿದ್ದ ಪಾರ್ಸಿ ಮನುಷ್ಯನೂ ಇವರೇ. ಗಿರಣಿ ಕಾರ್ಮಿಕರ ಸಂಘ ಕಟ್ಟಿದವರು ಕೊನೆಗೆ ಬಸವನಗುಡಿಯಲ್ಲಿ ಗ್ರಂಥಾಲಯವನ್ನೂ ಸಭಾಂಗಣವನ್ನೂ ಕಟ್ಟಿಸಿದ್ದು ನನಗೆ ಇಂದಿಗೂ ಕುತೂಹಲದ ಸಂಗತಿ.

ಅಲ್ಲಿನ ಗುಣ ಹರಹು. ಇಂದು ಶಾಸನಗಳ ಬಗ್ಗೆ ಮಾತು, ನಾಳೆ ಹೃದ್ರೋಗ, ನಾಡಿದ್ದು ವೀಣೆ. ಇಂಗ್ಲಿಷೂ ಉಂಟು, ಕನ್ನಡವೂ ಉಂಟು. ಸಂಜೆ ಆರರ ಆಸುಪಾಸಿಗೆ ಹೋದರೆ, ವಾಚನಾಲಯದಲ್ಲಿ ಪತ್ರಿಕೆ ಮಡಿಸಿಟ್ಟು ನೇರವಾಗಿ ಸಭೆಗೆ ಬಂದ ಹಿರಿಯರು ಸಿಗುತ್ತಾರೆ. ನಿವೃತ್ತ ಪ್ರಾಧ್ಯಾಪಕರು, ಬ್ಯಾಂಕಿನವರು, ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಎಂಜಿನಿಯರಾಗಿದ್ದವರು. ಇವರ ಪ್ರಶ್ನೆಗಳಲ್ಲಿ ಅನುಭವ ಮಾತಾಡುತ್ತದೆ. ಅಣೆಕಟ್ಟಿನ ಬಗ್ಗೆ ಭಾಷಣವಾದರೆ ಅಣೆಕಟ್ಟಿನಲ್ಲಿ ಕೆಲಸ ಮಾಡಿದವರೊಬ್ಬರು ಸಭೆಯಲ್ಲಿ ಇದ್ದೇ ಇರುತ್ತಾರೆ ಎನ್ನುವಷ್ಟರ ಮಟ್ಟಿಗೆ. ಭಾಷಣಕಾರರು ಅಂಕಿ ತಪ್ಪಿದರೆ ಅಲ್ಲೇ ತಿದ್ದುಪಡಿ! ಪ್ರಶ್ನೆ ಎಂದು ಎದ್ದವರು ಕಿರು ಉಪನ್ಯಾಸ ಕೊಟ್ಟು ಕೂರುವ ರೋಗವಂತೂ ಈ ಊರಿನ ಎಲ್ಲ ಸಭಾಂಗಣಗಳಿಗೂ ಹಂಚಿದ್ದು. ಅದನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಗೋಖಲೆ ಸಂಸ್ಥೆಯ ರೀತಿ ಬೇರೆ. ಡಿವಿಜಿಯವರು ಗೋಪಾಲಕೃಷ್ಣ ಗೋಖಲೆಯವರ ಹೆಸರಿನಲ್ಲಿ ಇದನ್ನು ಆರಂಭಿಸಿದ್ದು ಪ್ರಜೆಗಳಿಗೆ ರಾಜ್ಯಾಡಳಿತದ ವಿಚಾರದಲ್ಲಿ ತಿಳಿವಳಿಕೆ ಬರಲಿ ಎಂದು. ಸರ್ಕಾರ ನಮ್ಮದೇ ಆಗುವ ದಿನ ಬಂದಾಗ ಅದನ್ನು ವಿಮರ್ಶಿಸಲು ಬಲ್ಲ ನಾಗರಿಕರು ಬೇಕಲ್ಲ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ತಮಗೆ ಅರ್ಪಿಸಿದ ನಿಧಿಯನ್ನೂ ಅವರು ಈ ಸಂಸ್ಥೆಗೇ ಕೊಟ್ಟುಬಿಟ್ಟರು. ನಾನು ಅಲ್ಲಿ ಕೇಳಿದ್ದು ಮಾತ್ರ ರಾಜಕೀಯಕ್ಕಿಂತ ಹೆಚ್ಚಾಗಿ ಕಾವ್ಯ, ಶಾಸ್ತ್ರ, ವೇದಾಂತ. ಅದರಲ್ಲೂ ಹಲವು ದಿನ ನಡೆಯುವ ಸರಣಿ ಉಪನ್ಯಾಸಗಳು ಅಲ್ಲಿನ ಹೆಗ್ಗಳಿಕೆ. ಶತಾವಧಾನಿ ಆರ್. ಗಣೇಶರ ಸರಣಿಯಿದ್ದರೆ ಬೇಗ ಹೋಗಿ ಜಾಗ ಹಿಡಿಯುವುದು ಒಳ್ಳೆಯದು.

ಸರಣಿಯ ಲಾಭ ಏನೆಂದರೆ, ಮೊದಲ ದಿನ ಪೀಠಿಕೆಯಲ್ಲೇ ಕಳೆದರೂ ಮೂರನೆಯ ದಿನದ ಹೊತ್ತಿಗೆ ಭಾಷಣಕಾರರಿಗೂ ಸಭೆಗೂ ಒಂದು ಹದ ಬಂದಿರುತ್ತದೆ. ಒಂದು ಪದ್ಯದ ಮೇಲೆ ಅರ್ಧ ಗಂಟೆ ನಿಲ್ಲುವ ಧೈರ್ಯ ಬರುತ್ತದೆ. ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಇದು ಸಾಧ್ಯವೇ ಇಲ್ಲ. ಆದರೆ ಪ್ರಶ್ನೆಗೆ ಇಲ್ಲಿ ಬೇರೊಂದು ಕ್ರಮ. ನಾನು ಕಂಡಂತೆ, ಮೈಕ್ ಹಿಡಿದು ಕೇಳುವವರು ಕಡಿಮೆ. ಸಭೆ ಮುಗಿದ ಮೇಲೆ ವೇದಿಕೆಯ ಪಕ್ಕ ನಾಲ್ಕಾರು ಜನ ನೆರೆಯುತ್ತಾರೆ, ‘ಒಂದು ಸಂದೇಹ ಇತ್ತು ಸ್ವಾಮಿ’ ಎಂದು ಶುರುವಾಗುತ್ತದೆ, ನಿಜವಾದ ಪಾಠ ಅಲ್ಲಿ ನಡೆಯುತ್ತದೆ. ಮನೆಗೆ ಹೋಗುವ ಅವಸರದಲ್ಲಿ ಮುಂದಿನ ಬಾಗಿಲಿನತ್ತ ನಡೆದವರಿಗೆ ಅದು ದಕ್ಕದು. ಅಂದಹಾಗೆ, ಕಾರ್ತಿಕದ ಕೊನೆಯ ಸೋಮವಾರದ ಆಚೀಚೆ ಅಲ್ಲಿಗೆ ಹೋಗುವವರು ವಾಹನ ಮನೆಯಲ್ಲೇ ಬಿಡಿ. ಕಡಲೆಕಾಯಿ ಪರಿಷೆಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಸಿಕ್ಕರೆ ಅದೇ ಪುಣ್ಯ.

ದೊಮ್ಮಲೂರಿಗೆ ನಮ್ಮ ಕಡೆಯಿಂದ ಹೋಗುವುದೆಂದರೆ ನ್ಯಾಷನಲ್ ಕಾಲೇಜಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಇಂದಿರಾನಗರದಲ್ಲಿ ಇಳಿದು, ಅಲ್ಲಿಂದ ಆಟೊದವರೊಡನೆ ಚೌಕಾಸಿ ಮಾಡಬೇಕು. ‘ಒಂದು ಪ್ರಶ್ನೆ ಕೇಳುವುದಕ್ಕೆ ಇಷ್ಟು ದೂರವೇ?’ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ನನ್ನ ಮಟ್ಟಿಗೆ ಅಷ್ಟು ದೂರ ಹೋಗಬಹುದು.

2005ರಲ್ಲಿ ಶುರುವಾದ ಬಿಐಸಿ ತನ್ನದೇ ಕಟ್ಟಡಕ್ಕೆ ಬಂದದ್ದು 2019ರಲ್ಲಿ. ಮರುವರ್ಷವೇ ಕೊರೊನಾ ಬಂದು ಎಲ್ಲವೂ ಪರದೆಗೆ ಹೋಯಿತು. ಅಲ್ಲಿನ ಮುಖ್ಯ ರೂಪ ಉಪನ್ಯಾಸವಲ್ಲ, ಚರ್ಚೆ. ವೇದಿಕೆಯ ಮೇಲೆ ಮೂರು ನಾಲ್ಕು ಜನ, ಅವರನ್ನು ಕೆಣಕುತ್ತ ತಡೆಯುತ್ತ ನಡೆಸುವ ಒಬ್ಬರು. ಕೊನೆಯ ಭಾಗವನ್ನು ಸಭಿಕರಿಗೆಂದೇ ಮೀಸಲಿಡುತ್ತಾರೆ. ಸ್ವಾಗತ, ಪರಿಚಯ ಎಲ್ಲ ಚುಟುಕು. ಇದರ ಬೆಲೆ ಗೊತ್ತಾಗಬೇಕಾದರೆ ಇನ್ನೊಂದು ಬಗೆಯ ಸಭೆಯಲ್ಲಿ ಕುಳಿತಿರಬೇಕು. ಹೆಸರು ಬೇಡ, ನಗರದ ಮತ್ತೊಂದು ಸಭಾಂಗಣದಲ್ಲಿ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಫಲತಾಂಬೂಲ, ಗಣ್ಯರ ಫೋಟೊ ಎಲ್ಲವೂ ಸಾಂಗವಾಗಿ ನೆರವೇರಿ, ಯಾರ ಮಾತು ಕೇಳಲು ಬಂದಿದ್ದೆವೋ ಆ ವಿದ್ವಾಂಸರಿಗೆ ಉಳಿದದ್ದು ಇಪ್ಪತ್ತು ನಿಮಿಷ. ‘ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ’ ಎಂದು ನಿರೂಪಕರು ಸಾರಿದರು. ಅದಾದ ಮೇಲೆ ವಂದನಾರ್ಪಣೆಗೆ ಮಾತ್ರ ಸಮಯದ ಅಭಾವ ಕಾಣಲಿಲ್ಲ.

ಬಿಐಸಿಯ ಸಭೆಯಲ್ಲಿ ವಯಸ್ಸು ಇಳಿಯುತ್ತದೆ. ಸಾಫ್ಟ್‌ವೇರಿನ ಹುಡುಗ ಹುಡುಗಿಯರು, ಸಂಶೋಧಕರು, ನಿವೃತ್ತ ಅಧಿಕಾರಿಗಳು. ನ್ಯಾಯಾಲಯದ ತೀರ್ಪು, ನಗರದ ನೀರು, ವಾಯುಮಾಲಿನ್ಯ, ಇತಿಹಾಸದ ಹೊಸ ಪುಸ್ತಕ, ಹೀಗೆ ಜಗಳಕ್ಕೆ ಆಸ್ಪದವಿರುವ ವಿಷಯಗಳು. ವೇದಿಕೆಯ ಮೇಲಿನವರೇ ಒಬ್ಬರನ್ನೊಬ್ಬರು ಒಪ್ಪದಿರುವುದನ್ನು ನೋಡುವ ಸುಖ ನನಗೆ ಅಲ್ಲಿ ಸಿಕ್ಕಷ್ಟು ಬಸವನಗುಡಿಯಲ್ಲಿ ಸಿಕ್ಕಿಲ್ಲ. ನಮ್ಮಲ್ಲಿ ಭಾಷಣಕಾರರು ಹಿರಿಯರು, ಹಿರಿಯರೆಂದರೆ ಗೌರವ, ಗೌರವವೆಂದರೆ ಮೌನ. ವಿದ್ವತ್ತಿಗೆ ಇದರಿಂದ ನಷ್ಟವೇ ಹೆಚ್ಚು.

ತೊಡಕು ಭಾಷೆಯದು. ಬಿಐಸಿಯಲ್ಲಿ ಕನ್ನಡದ ಕಾರ್ಯಕ್ರಮಗಳೂ ನಡೆಯುತ್ತವೆ, ಆದರೆ ಪಟ್ಟಿಯಲ್ಲಿ ಹೆಚ್ಚಿನ ಪಾಲು ಇಂಗ್ಲಿಷಿನದೇ. ವಿಷಯ ಷೇಕ್ಸ್‌ಪಿಯರ್ ಆದರೆ ಅಡ್ಡಿಯಿಲ್ಲ. ನೀರಿನ ವಿಷಯವಾದರೆ? ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯನ್ನೇ ತೆಗೆದುಕೊಳ್ಳಿ. ಇದರ ಬಗ್ಗೆ ಅತ್ಯಂತ ಮೊನಚಾದ ಪ್ರಶ್ನೆ ಇರುವುದು ಆ ನೀರಿನ ಕೆರೆಯ ಕೆಳಗೆ ಟೊಮೆಟೊ ಬೆಳೆಯುವವರ ಬಳಿ, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರ ಬಳಿ. ಅವರು ಇಂಗ್ಲಿಷಿನ ಚರ್ಚೆಗೆ ಬಂದು ಕೂರುವುದಿಲ್ಲ, ಬಂದರೂ ಕೈ ಎತ್ತುವುದಿಲ್ಲ. ಚರ್ಚೆಯ ಕ್ರಮ ದೊಮ್ಮಲೂರಿನಲ್ಲಿದೆ, ಭಾಷೆ ಬಸವನಗುಡಿಯಲ್ಲಿದೆ. ಎರಡೂ ಒಂದೇ ಸಂಜೆ ಒಂದೇ ಚಾವಡಿಯಲ್ಲಿ ಸೇರುವುದು ಅಪರೂಪ ಎನ್ನುವುದೇ ಈ ಮೂರೂ ಕಡೆ ಸುತ್ತಿದ ನನ್ನ ದೊಡ್ಡ ತಕರಾರು.

ಪ್ರಶ್ನೆಯ ಮಾತು ಬಂದಾಗ ನ್ಯಾಷನಲ್ ಕಾಲೇಜಿನ ಬೆಂಗಳೂರು ಸೈನ್ಸ್ ಫೋರಂ ಬಿಟ್ಟರೆ ತಪ್ಪಾಗುತ್ತದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ್ದು, ವಾರವಾರವೂ ವಿಜ್ಞಾನದ ಉಪನ್ಯಾಸ. ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ ಕುಲಪತಿ ಅವರು. ವಿಜ್ಞಾನ ನನ್ನ ಕ್ಷೇತ್ರವಲ್ಲದ್ದರಿಂದ ತೂಗಿ ನೋಡುವ ಅಧಿಕಾರ ನನಗಿಲ್ಲ. ಮಕ್ಕಳಿರುವವರು ಮಾತ್ರ ಒಮ್ಮೆ ಕರೆದುಕೊಂಡು ಹೋಗಿ.

ಹೊಸದಾಗಿ ಹೊರಡುವವರಿಗೆ ನಾನು ಹೇಳುವುದು ವರ್ಲ್ಡ್ ಕಲ್ಚರ್. ಒಂದು ವಾರದಲ್ಲಿ ನಾಲ್ಕು ಬಗೆಯ ರುಚಿ ಸಿಗುತ್ತದೆ, ಹಿಡಿಸದಿದ್ದರೆ ಗಾಂಧಿ ಬಜಾರು ಹತ್ತಿರದಲ್ಲೇ ಇದೆ, ಸಂಜೆ ವ್ಯರ್ಥವಾಗುವುದಿಲ್ಲ. ಕಾವ್ಯದ ಹಸಿವಿದ್ದು ನಾಲ್ಕೈದು ಸಂಜೆ ಬಿಡುವು ಮಾಡಿಕೊಳ್ಳಬಲ್ಲವರು ಗೋಖಲೆಗೆ ಹೋಗಿ, ಮೊದಲ ದಿನ ನೋಡಿ ಬಿಟ್ಟುಬಿಡಬೇಡಿ. ವಾದ ಕೇಳುವ ಚಟವಿರುವವರಿಗೆ ಬಿಐಸಿ. ಜನಪ್ರಿಯ ವಿಷಯವಾದರೆ ಹೆಸರು ನೋಂದಾಯಿಸಿದ್ದರೂ ಮೊದಲು ಬಂದವರಿಗೇ ಕುರ್ಚಿ. ಎರಡು ಕಡೆ ಒಂದೇ ಸಂಜೆ ಒಳ್ಳೆಯ ಕಾರ್ಯಕ್ರಮ ಬಿದ್ದರೆ ನಾನು ವಿಷಯ ನೋಡುವುದಿಲ್ಲ. ಒಬ್ಬರೇ ಓದಿ ಹೇಳುವ ಪ್ರಬಂಧವನ್ನು ಯೂಟ್ಯೂಬಿಗೆ ಬಿಟ್ಟು, ಇಬ್ಬರು ಒಪ್ಪದವರು ಎದುರುಬದುರು ಕೂರುವ ಕಡೆಗೆ ಹೊರಡುತ್ತೇನೆ.