ಹಾಲು ಟೆಸ್ಟರ್ ತರಬೇತಿ ಪುಸ್ತಕ: ಕೆಲಸ ಪುಟ 6ರಲ್ಲಿ, ಎಚ್ಚರಿಕೆ ಪುಟ 7ರಲ್ಲಿ!

ನಾನು ನಮ್ಮೂರ ಡೇರಿ ಸೆಕ್ರೆಟರಿ. ದಿನಾ ಹಾಲು ನೋಡೋದು ಮಿಷನ್ನೇ, ಆದರೆ ಮಿಷನ್ ಮೇಲೆ ಅನುಮಾನ ಬಂದರೆ ಗರ್ಬರ್ ಟೆಸ್ಟೇ ಗತಿ, ಅಂದರೆ ಆಸಿಡ್ ಹಾಕಿ ಹಾಲಿನ ಫ್ಯಾಟ್ (ಕೊಬ್ಬು) ಅಳೆಯೋದು. ಹೊಸಬರಿಗೆ ಅದನ್ನು ಕಲಿಸೋಕೆ ಪುಸ್ತಕ, ಗೋಡೆ ಚಾರ್ಟು ಬೇಕು ಅಂತ ಸುತ್ತಲಿನ ಆರು ಡೇರಿಯವರು ಸೇರಿ ಬೆಂಗಳೂರಿನ ಒಂದು ತಂಡಕ್ಕೆ ಒಪ್ಪಿಸಿದ್ದೆವು.

ಅವರು ಆಫೀಸಲ್ಲಿ ಕೂತು ಬರೆದು ಕಳಿಸಲಿಲ್ಲ, ಅದು ಮೆಚ್ಚಬೇಕಾದ್ದೇ. ಬೆಳಗ್ಗೆ ಆರಕ್ಕೆ ಇಬ್ಬರು ಬಂದು ಮೂರು ದಿನ ನನ್ನ ಕೈಯನ್ನೇ ನೋಡ್ತಾ ನಿಂತರು. ಗಾಜಿನ ಟ್ಯೂಬಿಗೆ 10 ಮಿಲಿ ಆಸಿಡ್, ಅದರ ಮೇಲೆ 10.75 ಮಿಲಿ ಹಾಲು, ಆಮೇಲೆ 1 ಮಿಲಿ ಅಮೈಲ್ ಆಲ್ಕೋಹಾಲ್. "ಸರ್, ಹಾಲನ್ನ ಯಾಕೆ ಗಾಜಿನ ಪಕ್ಕದಲ್ಲೇ ಇಳಿಸ್ತೀರಾ?" ಅಂದಳು ಹುಡುಗಿ. ಹದಿನೆಂಟು ವರ್ಷದಿಂದ ಹಾಗೇ ಇಳಿಸ್ತಿದ್ದೀನಿ, ಬಾಯಿಬಿಟ್ಟು ಹೇಳಿದ್ದು ಅವತ್ತೇ. ದಬಕ್ಕನೆ ಸುರಿದರೆ ಹಾಲು ಸುಟ್ಟು ಕರೀ ಚೂರು ಏಳುತ್ತೆ, ಫ್ಯಾಟ್ ಓದೋಕಾಗಲ್ಲ. ಅದೊಂದಕ್ಕೇ ಇಡೀ ಪುಟ ಕೊಟ್ಟಿದ್ದಾರೆ, ಕೈ ಓರೆ ಮಾಡಿ ಹಿಡಿಯೋ ಚಿತ್ರದ ಸಮೇತ.

ಮೊದಲ ಪ್ರಿಂಟನ್ನು ನಮ್ಮ ಹೊಸ ಹುಡುಗನ ಮುಂದಿಟ್ಟು ನಾನು ಬಾಯಿ ಮುಚ್ಚಿಕೊಂಡು ನಿಂತೆ. ಪುಟ 6ರ ಕೊನೇ ಸಾಲು: "ಬಿರಡೆ ಹಾಕಿ ಚೆನ್ನಾಗಿ ಕುಲುಕಿ." ಕುಲುಕಿದ. ಆಸಿಡ್ಡೂ ಹಾಲೂ ಬೆರೆತರೆ ಟ್ಯೂಬು ಕೆಂಡ! ಅಯ್ಯಯ್ಯೋ ಅಂತ ಕೈಬಿಡೋದರಲ್ಲಿದ್ದ, ನಾನೇ ಟವಲ್ ಹಾಕಿ ಹಿಡಕೊಂಡೆ. "ಬಟ್ಟೆ ಸುತ್ತಿ ಹಿಡಿಯಿರಿ" ಅನ್ನೋದು ಪುಟ 7ರ ತಲೆಯಲ್ಲಿ ತಣ್ಣಗೆ ಕೂತಿತ್ತು. ಕೈಯಲ್ಲಿ ಆಸಿಡ್ ಹಿಡಿದವನು ಹಾಳೆ ತಿರುವುತ್ತಾನಾ? ಫೋನಲ್ಲೇ ಬೈದೆ. ಪಾಪ, ಎದುರು ಮಾತಾಡದೆ ಬಿಟ್ಟಿಯಾಗೇ ಮತ್ತೆ ಪ್ರಿಂಟ್ ಹಾಕಿಸಿಕೊಟ್ಟರು. ಈಗ ಗ್ಲೌಸು, ಬಟ್ಟೆ ಎಲ್ಲ ಮೊದಲು, ಕುಲುಕೋದು ಆಮೇಲೆ.

ಭಾಷೆ ಮಾತ್ರ ಇನ್ನೂ ಪಾಠಪುಸ್ತಕದ್ದೇ. "ಅಪಕೇಂದ್ರಕ" ಯಾರಪ್ಪ? ಟ್ಯೂಬನ್ನ ಗಿರಗಿರ ತಿರುಗಿಸಿ ಫ್ಯಾಟ್ ಬೇರೆ ಮಾಡೋ ಮಿಷನ್ನಿಗೆ ನಾವು ಸೆಂಟ್ರಿಫ್ಯೂಜ್ ಅಂತೀವಿ. ಕೊನೇಲಿ ಬಿಟ್ಟ ಸ್ಥಳ ತುಂಬಿ ಅಂತ ಪರೀಕ್ಷೆ ಬೇರೆ: ಗರ್ಬರ್ ಯಾವ ದೇಶದವನು? ಸ್ವಿಟ್ಜರ್ಲೆಂಡಿನವನು, ಸರಿ. ಅದರಿಂದ ನಮ್ಮ ರೈತನಿಗೇನು? ಒಂದೇ ಹಾಲನ್ನ ಎರಡು ಟ್ಯೂಬಲ್ಲಿ ಹಾಕಿ, ಎರಡರ ರೀಡಿಂಗೂ ಹೊಂದುತ್ತಾ ನೋಡಬೇಕು. ಆ ಪರೀಕ್ಷೆ ನಾನೇ ಮಾಡಿಸ್ತೀನಿ.

ಗೋಡೆ ಚಾರ್ಟಿಗೆ ಲ್ಯಾಮಿನೇಷನ್ ಇದೆ, ನೀರು ಬಿದ್ದರೂ ಒರೆಸಿದರಾಯ್ತು. ಆದರೆ ರೀಡಿಂಗ್ ತೋರಿಸೋ ಫೋಟೋ ಮೇಲಿಂದ ತೆಗೆದದ್ದು. ಟ್ಯೂಬಿನ ಸ್ಕೇಲಿನ ಒಂದು ಸಣ್ಣ ಗೆರೆ ಅಂದರೆ 0.1 ಪರ್ಸೆಂಟ್ ಫ್ಯಾಟ್, ಕಣ್ಣಿನ ಮಟ್ಟಕ್ಕೆ ಹಿಡಿಯದಿದ್ದರೆ ತಪ್ಪೋದು ಅಲ್ಲೇ. ಬೇರೆ ಫೋಟೋ ಕಳಿಸ್ತೀವಿ ಅಂದು ತಿಂಗಳಾಯ್ತು. ಸದ್ಯಕ್ಕೆ ಅದರ ಮೇಲೆ ನಾನೇ ಪೆನ್ನಲ್ಲಿ ಚಿತ್ರ ಬರೆದು ಅಂಟಿಸಿದ್ದೀನಿ.