ಕುರ್ಚಿಗಿಂತ ಮೊದಲು ಬದಿ: ಲಂಡನ್, ಡಾರ್ಟ್‌ಮುಂಡ್, ಕಲೋನ್‌ಗಳಲ್ಲಿ ಫುಟ್‌ಬಾಲ್ ನೋಡಿದ ಮೇಲೆ

ಯೂರೋಪಿನಲ್ಲಿ ಫುಟ್‌ಬಾಲ್ ಪಂದ್ಯ ನೋಡಬೇಕೆಂದು ಹಣ ಕೂಡಿಡುತ್ತಿರುವ ಗೆಳೆಯರು ಸಲಹೆ ಕೇಳಿದಾಗಲೆಲ್ಲ ನಾನು ಜರ್ಮನಿಯ ಡಾರ್ಟ್‌ಮುಂಡ್ ಕ್ರೀಡಾಂಗಣದ, ಬೆಂಬಲಿಗರು ನಿಂತೇ ಆಟ ನೋಡುವ ದಕ್ಷಿಣ ಗ್ಯಾಲರಿಯ ಹೆಸರನ್ನೇ ಹೇಳುತ್ತೇನೆ. ಕೆಲಸದ ನಿಮಿತ್ತ ಡುಸೆಲ್‌ಡಾರ್ಫ್‌ಗೆ ಬಂದ ಮೇಲೆ ನಾನು ಮೂರು ಬಗೆಯಲ್ಲಿ ಆಟ ನೋಡಿದ್ದೇನೆ: ಲಂಡನ್ನಿನಲ್ಲಿ ಮರುಮಾರಾಟದ ಟಿಕೆಟ್ ಕೊಂಡು ಆತಿಥೇಯ ತಂಡದವರ ನಡುವೆ ಕುಳಿತು, ಡಾರ್ಟ್‌ಮುಂಡಿನಲ್ಲಿ ನಿಂತು, ಕಲೋನಿನಲ್ಲಿ ಟಿಕೆಟ್ಟೇ ಇಲ್ಲದೆ ಸ್ಕಾಟ್ಲೆಂಡಿನ ಬೆಂಬಲಿಗರ ಜೊತೆ ಚೌಕದಲ್ಲಿ. ಮೊದಲನೆಯದು ಕೆಟ್ಟುಹೋದದ್ದರಿಂದಲೇ ಉಳಿದೆರಡರ ಬೆಲೆ ನನಗೆ ತಿಳಿಯಿತು.

ಲಂಡನ್ನಿನ ಪ್ರಸಂಗವನ್ನು ವಿವರವಾಗಿ ಹೇಳಬೇಕು. ನಾನೂ ಹುಬ್ಬಳ್ಳಿಯ ನನ್ನ ಚಿಕ್ಕಪ್ಪನ ಮಗನೂ ಹದಿನೈದು ವರ್ಷಗಳಿಂದ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಬೆಂಬಲಿಗರು. ಅವನು ರಜೆಗೆ ಬಂದಾಗ ನಮ್ಮ ತಂಡ ಲಂಡನ್ನಿನ ಒಂದು ಕ್ಲಬ್ಬಿನ ಅಂಗಳದಲ್ಲಿ ಆಡುವುದಿತ್ತು. ಪ್ರವಾಸಿ ತಂಡದ ಬೆಂಬಲಿಗರಿಗೆ ಮೀಸಲಾದ ಟಿಕೆಟ್ಟಿಗೆ ಅಲ್ಲಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್ 2016-17ರಿಂದ 30 ಪೌಂಡಿನ ಮಿತಿ ಹಾಕಿದೆ. ಆದರೆ ಅವು ವರ್ಷಾನುಗಟ್ಟಲೆ ತಂಡದ ಹಿಂದೆ ಊರೂರು ಸುತ್ತಿದವರಿಗೇ ಸಾಲದಿರುವಾಗ ನಮ್ಮಂಥವರಿಗೆ ಸಿಗುವುದಿಲ್ಲ. ಹಾಗಾಗಿ ಮರುಮಾರಾಟದ ಒಂದು ಜಾಲತಾಣದಲ್ಲಿ ತಲಾ 190 ಪೌಂಡ್ ಕೊಟ್ಟೆವು. ಪಂದ್ಯದ ದಿನ ಸ್ಟೇಷನ್ನಿನ ಹೊರಗೆ ಒಬ್ಬಾತ ಬೇರೆ ಯಾರದೋ ಹೆಸರಿದ್ದ ಎರಡು ಸದಸ್ಯತ್ವದ ಕಾರ್ಡುಗಳನ್ನು ಕೈಗಿಟ್ಟು, ಆಟ ಮುಗಿದ ಮೇಲೆ ಇಲ್ಲೇ ಹಿಂದಿರುಗಿಸಿ, ಯಾರಾದರೂ ಕೇಳಿದರೆ ಗೆಳೆಯರು ಕೊಟ್ಟರೆನ್ನಿ ಎಂದ. ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಇಂಗ್ಲೆಂಡಿನಲ್ಲಿ 1994ರ ಕಾನೂನಿನಂತೆ ಅಪರಾಧವೆಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಕುರ್ಚಿಗಳು ಆತಿಥೇಯರ ನಡುಮಧ್ಯೆ ಇದ್ದವು. ಎದುರಾಳಿಯ ಬಣ್ಣ ತೊಟ್ಟವರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಬಾಗಿಲಲ್ಲೇ ಫಲಕವಿದ್ದುದರಿಂದ ಕೆಂಪು ಜರ್ಸಿಗಳನ್ನು ಜಾಕೆಟ್ಟಿನೊಳಗೆ ಮುಚ್ಚಿಕೊಂಡು, ಕೈ ಕಟ್ಟಿ ಕುಳಿತೆವು. ದೂರದ ಮೂಲೆಯಲ್ಲಿ ನಮ್ಮವರೇ ಆದ ಮೂರು ಸಾವಿರದಷ್ಟು ಜನ ಹಾಡುತ್ತಿದ್ದರು. ಆ ಹಾಡುಗಳೆಲ್ಲ ಬಾಯಿಗೆ ಬರುತ್ತಿದ್ದರೂ ತುಟಿ ಬಿಚ್ಚುವಂತಿರಲಿಲ್ಲ. ದ್ವಿತೀಯಾರ್ಧದಲ್ಲಿ ಲಿವರ್‌ಪೂಲ್ ಗೋಲು ಹೊಡೆದಾಗ ಚಿಕ್ಕಪ್ಪನ ಮಗನಾದ ನನ್ನ ತಮ್ಮ ತನಗರಿವಿಲ್ಲದೆ ಎದ್ದು ನಿಂತು ಕೂಗಿದ. ಹಿಂದಿನ ಸಾಲಿನವರು ಬೈದರು, ಸಿಬ್ಬಂದಿ ಬಂದರು, ಎರಡು ನಿಮಿಷಗಳಲ್ಲಿ ನಾವಿಬ್ಬರೂ ಗೇಟಿನ ಹೊರಗಿದ್ದೆವು. ಉಳಿದ ಅರ್ಧ ಗಂಟೆಯ ಆಟವನ್ನು ಗೋಡೆಯಾಚೆಯ ಕೂಗಿನಿಂದ ಊಹಿಸುತ್ತ ರಸ್ತೆಯಲ್ಲಿ ನಿಂತೆವು. ಟಿಕೆಟ್ ಬಳಕೆಯಾಗಿದೆ ಎಂಬ ಒಂದೇ ಕಾರಣ ಕೊಟ್ಟು ಮಾರಾಟಗಾರರು ಹಣ ಹಿಂದಿರುಗಿಸಲಿಲ್ಲ.

ಹೊರಹಾಕಿದವರ ಮೇಲೆ ನನಗೆ ಕೋಪವಿಲ್ಲ. ಆ ಕಟ್ಟುನಿಟ್ಟಿನ ಹಿಂದೆ ಸಾವುಗಳ ನೆನಪಿದೆ. 1985ರ ಮೇ 29ರಂದು ಬ್ರಸೆಲ್ಸಿನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ಎದುರು ಬದಿಯವರ ಮೇಲೆ ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು, ಇಂಗ್ಲೆಂಡಿನ ಕ್ಲಬ್ಬುಗಳು ಐದು ವರ್ಷ ಯೂರೋಪಿನ ಸ್ಪರ್ಧೆಗಳಿಂದ ಹೊರಗುಳಿಯಬೇಕಾಯಿತು. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದಲ್ಲಿ 97 ಲಿವರ್‌ಪೂಲ್ ಬೆಂಬಲಿಗರು ಪ್ರಾಣ ಕಳೆದುಕೊಂಡರು. ಅದರಲ್ಲಿ ಬೆಂಬಲಿಗರ ತಪ್ಪಿರಲಿಲ್ಲವೆಂಬ ತೀರ್ಪಿಗೆ 2016ರವರೆಗೆ ಕಾಯಬೇಕಾಯಿತು. ಆ ದುರಂತದ ನಂತರ ಬಂದ ಟೇಲರ್ ತನಿಖಾ ವರದಿಯ ಫಲವಾಗಿ ಇಂಗ್ಲೆಂಡಿನ ಮೇಲಿನ ಎರಡು ಲೀಗ್ ದರ್ಜೆಗಳಲ್ಲಿ ಎಲ್ಲರೂ ಕುಳಿತೇ ನೋಡುವ ವ್ಯವಸ್ಥೆ ಬಂತು. ನಿಲ್ಲಲು ಪರವಾನಗಿ ಮತ್ತೆ ದೊರೆತದ್ದು 2022ರಲ್ಲಿ. ನನ್ನ ಕೋಪವೆಲ್ಲ ನಮ್ಮ ತಂಡ ಯಾವುದೆಂದು ತಿಳಿದೂ ಆ ಕುರ್ಚಿಗಳನ್ನು ಮಾರಿದವರ ಮೇಲೆ.

ಇಂಥ ಮಾರಾಟ ಕೊಂಡವರನ್ನಷ್ಟೇ ಅಲ್ಲ, ಕ್ರೀಡಾಂಗಣವನ್ನೂ ಕೆಡಿಸುತ್ತದೆ. 2022ರ ಏಪ್ರಿಲ್ 14ರಂದು ಬಾರ್ಸಿಲೋನಾ ಕ್ಲಬ್ಬಿನ ಕಾಂಪ್ ನೌ ಕ್ರೀಡಾಂಗಣದಲ್ಲಿ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡದ ಬೆಂಬಲಿಗರಿಗೆ ಮೀಸಲಿದ್ದದ್ದು 5,000 ಟಿಕೆಟ್. ಒಳಗೆ ಬಂದವರು ಸುಮಾರು 30,000. ಬಿಳಿ ಅಂಗಿ ತೊಟ್ಟ ಆ ಜನ ಇಡೀ ಅಂಗಳವನ್ನು ತಮ್ಮದಾಗಿಸಿಕೊಂಡರು, ತಂಡ 3-2ರಿಂದ ಗೆದ್ದಿತು. ಜರ್ಮನಿಯ ನನ್ನ ಸಹೋದ್ಯೋಗಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ದೂರ ಪ್ರಯಾಣ ಮಾಡುವ ಅವರ ನಿಷ್ಠೆಗೆ ನಾನೂ ತಲೆಬಾಗುತ್ತೇನೆ. ಆದರೆ ತನ್ನ ಮನೆಯಲ್ಲೇ ದನಿ ಕಳೆದುಕೊಂಡ ಬಾರ್ಸಿಲೋನಾ ಬೆಂಬಲಿಗನ ಸ್ಥಿತಿ ಲಂಡನ್ನಿನಲ್ಲಿ ನಾವು ಅನುಭವಿಸಿದ್ದಕ್ಕಿಂತ ಬೇರೆಯಲ್ಲ.

ಡಾರ್ಟ್‌ಮುಂಡಿನಲ್ಲಿ 81,365 ಜನ ಹಿಡಿಸುವ ಕ್ರೀಡಾಂಗಣದ ಒಂದು ಬದಿಯಲ್ಲೇ, ಅಂದರೆ ದಕ್ಷಿಣ ಗ್ಯಾಲರಿಯಲ್ಲಿ, ಸುಮಾರು 25,000 ಜನ ನಿಲ್ಲುತ್ತಾರೆ. ಸಹೋದ್ಯೋಗಿಯೊಬ್ಬರು ಊರಲ್ಲಿಲ್ಲದ ವಾರ ತಮ್ಮ ಸೀಸನ್ ಟಿಕೆಟ್ ಕೊಟ್ಟರು; ಒಂದು ಪಂದ್ಯದ ಲೆಕ್ಕಕ್ಕೆ 20 ಯೂರೊ ಆಗಲಿಲ್ಲ. ನನಗೆ ಆ ತಂಡದ ಆಟಗಾರರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಮೈದಾನಕ್ಕೆ ಬೆನ್ನು ಮಾಡಿ ಧ್ವನಿವರ್ಧಕ ಹಿಡಿದ ಯುವಕ ಹಾಡು ಎತ್ತಿಕೊಟ್ಟಾಗ ಪಕ್ಕದ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು ಜಿಗಿಯತೊಡಗಿದರು. ಗೋಲಾದಾಗ ಘೋಷಕ ಆಟಗಾರನ ಮೊದಲ ಹೆಸರು ಕೂಗಿದರೆ ಉಳಿದರ್ಧವನ್ನು ಇಡೀ ಗ್ಯಾಲರಿ ಕೂಗುತ್ತಿತ್ತು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಬೆಂಗಳೂರು ಎಫ್‌ಸಿಗಾಗಿ ಗಂಟಲು ಹರಿದುಕೊಂಡವನಿಗೆ ಅದು ಪರದೇಶವೆನಿಸಲಿಲ್ಲ. ಇಲ್ಲಿಯೂ ಎದುರಾಳಿಯ ಜರ್ಸಿ ತೊಟ್ಟು ಬರುವಂತಿಲ್ಲ. ಆದರೆ ಅವರ ಗ್ಯಾಲರಿ ಬೇರೆ, ಅವರೂ ನಿಂತು ಹಾಡುತ್ತಾರೆ. ಎತ್ತರ ಕಡಿಮೆಯಿದ್ದವರಿಗೆ ಗೋಲುಕಂಬದ ಹತ್ತಿರದ ಆಟ ಕಾಣುವುದು ಕಷ್ಟ.

ಕಲೋನ್ ಪುಕ್ಕಟೆ. ಯೂರೋಪಿನ ರಾಷ್ಟ್ರೀಯ ತಂಡಗಳ ಯೂರೋ ಟೂರ್ನಿಯಲ್ಲಿ 2024ರ ಜೂನ್ 19ರ ಸ್ಕಾಟ್ಲೆಂಡ್–ಸ್ವಿಟ್ಸರ್ಲೆಂಡ್ ಪಂದ್ಯ 1-1ರಲ್ಲಿ ಮುಗಿಯಿತು. ಐದು ದಿನಗಳ ಹಿಂದಷ್ಟೇ ಮ್ಯೂನಿಕ್‌ನಲ್ಲಿ 5-1ರಿಂದ ಸೋತಿದ್ದ ಸ್ಕಾಟ್ಲೆಂಡ್ ತಂಡಕ್ಕಾಗಿ, ಕಿಲ್ಟ್ ಎಂಬ ತಮ್ಮ ನಾಡಿನ ಲಂಗ ತೊಟ್ಟ ಆ ಜನ ಬೆಳಗಿನಿಂದ ಹಾಡಿದರು. ಚೌಕದಲ್ಲಿ ಪಂದ್ಯ ತೋರಿಸುತ್ತಿದ್ದ ಪರದೆ ಸರಿಯಾಗಿ ಕಾಣಲಿಲ್ಲ, ಸ್ನೇಹಕ್ಕೆ ಕೊರತೆಯಿರಲಿಲ್ಲ.

ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದೊಯ್ಯುವವರಿಗೆ ಕುರ್ಚಿಯೇ ಸರಿ. ಅವರು ಕ್ಲಬ್ಬಿನಿಂದಲೇ ನೇರವಾಗಿ ಟಿಕೆಟ್ ಕೊಳ್ಳಲಿ. ನಾನು ಕುಳಿತು ಆಟ ನೋಡುವವನಲ್ಲ, ರೈಲಿನ ಖರ್ಚೂ ಸೇರಿ 50 ಯೂರೊ ದಾಟಿಸುವ ಮನಸ್ಸೂ ಇಲ್ಲ. ಏಪ್ರಿಲ್‌ನಲ್ಲಿ ತಮ್ಮ ಮತ್ತೆ ಬರುತ್ತಿದ್ದಾನೆ. ಸಹೋದ್ಯೋಗಿಯೂ ಅವರ ಹೆಂಡತಿಯೂ ಆ ವಾರ ಊರಿಗೆ ಹೋಗುವವರಿದ್ದು, ದಕ್ಷಿಣ ಗ್ಯಾಲರಿಯ ಅವರ ಎರಡೂ ಜಾಗಗಳನ್ನು ಈಗಲೇ ಕೇಳಿಟ್ಟಿದ್ದೇನೆ. ಡಾರ್ಟ್‌ಮುಂಡ್ ತಂಡದ ಹಳದಿ ಸ್ಕಾರ್ಫ್ ಒಂದಿದೆ, ಇನ್ನೊಂದು ಕೊಳ್ಳಬೇಕು.